ಹಾಲುಹಲ್ಲು ಬಿದ್ದ ದಿನದ ನಾಡಿ

ಆ ಮನೆಯಲ್ಲಿ ಇದ್ದವರು ಇಬ್ಬರು ಅಕ್ಕತಂಗಿಯರು. ಅಕ್ಕನಿಗೆ ಬಂಡೆ ಎಂದು ಅಡ್ಡಹೆಸರು, ತಂಗಿಗೆ ಗಾಳಿ ಎಂದು. ಇವು ಬೀದಿಯ ಹುಡುಗರು ಕಟ್ಟಿದ ಹೆಸರುಗಳಲ್ಲ, ಹೆತ್ತ ಅಪ್ಪನೇ ಇಟ್ಟಿದ್ದು. ಅಪ್ಪ ಆಯುರ್ವೇದದ ವೈದ್ಯರು, ನಾಡಿ ನೋಡುವುದರಲ್ಲಿ ಎತ್ತಿದ ಕೈ. ಮೂರು ಬೆರಳನ್ನು ಮಣಿಕಟ್ಟಿನ ಮೇಲಿಟ್ಟು ಕಣ್ಣು ಮುಚ್ಚಿದರೆಂದರೆ, ನೀವು ನಿನ್ನೆ ಯಾರ ಜೊತೆ ಜಗಳವಾಡಿದಿರಿ ಎನ್ನುವುದನ್ನೂ ಹೇಳಿಬಿಡುತ್ತಾರೆ ಎಂದು ಜನ ಹೆದರುತ್ತಿದ್ದರು. ಅಷ್ಟೆಲ್ಲ ನಾಡಿಗೆ ಗೊತ್ತಾಗುವುದಿಲ್ಲ, ಬಿಡಿ. ಜನಕ್ಕೆ ಹೆದರುವುದು ಇಷ್ಟ.

ಬೇರೆ ಮನೆಗಳಲ್ಲಿ ಮಗುವಿನ ಮೊದಲ ಹಾಲುಹಲ್ಲು ಬಿದ್ದರೆ ಅಯ್ಯೋ ಬೊಚ್ಚುಬಾಯಿ ಎಂದು ನಕ್ಕು ಮರೆಯುತ್ತಾರೆ. ಈ ಮನೆಯಲ್ಲಿ ಅದಕ್ಕೊಂದು ಕಟ್ಟುಪಾಡು ಇತ್ತು. ಹಲ್ಲು ಬಿದ್ದ ಮಾರನೆಯ ಬೆಳಿಗ್ಗೆ ಮಗುವನ್ನು ಎಬ್ಬಿಸಿ, ಮುಖ ತೊಳೆಸಿ, ಹಸಿದ ಹೊಟ್ಟೆಯಲ್ಲೇ ಅಪ್ಪನ ಎದುರು ಕೂರಿಸಬೇಕು. ಅವರು ಎಡಗೈ ಹಿಡಿದು ನಾಡಿ ನೋಡಿ, ಈ ಮಗುವಿನ ಪ್ರಕೃತಿ ಇಂಥದ್ದು ಎಂದು ಹೇಳುತ್ತಿದ್ದರು. ವಾತವೋ, ಪಿತ್ತವೋ, ಕಫವೋ. ಮೂರೂ ಎಲ್ಲರಲ್ಲೂ ಇರುತ್ತವೆ, ಆದರೆ ಹುಟ್ಟುವಾಗಲೇ ಒಂದು ಮುಂದೆ ನಿಂತಿರುತ್ತದೆ, ಸಾಯುವವರೆಗೂ ಅದೇ ಮುಂದೆ. ಆದ್ದರಿಂದ ಒಮ್ಮೆ ನೋಡಿದರೆ ಸಾಕು, ಮತ್ತೆ ಮತ್ತೆ ನೋಡುವ ಕೆಲಸವಿಲ್ಲ ಎಂದು ಅಪ್ಪ ನಂಬಿದ್ದರು.

ಅಕ್ಕನ ಹಲ್ಲು ಬಿದ್ದಾಗ ಅಪ್ಪ ಕಫ ಎಂದರು. ಕಫ ಎಂದರೆ ಮಣ್ಣು, ನೀರು. ನಿಧಾನ, ಗಟ್ಟಿ, ಗಾಢ ನಿದ್ದೆ, ಅಲುಗದ ಕೈ. ಅಂದಿನಿಂದ ಅವಳು ಬಂಡೆಯಾದಳು, ನಾಡಿ ಕಲಿಯಲು ಅಪ್ಪನ ಪಕ್ಕದಲ್ಲಿ ಅವಳಿಗೊಂದು ಸ್ಟೂಲು ಬಂತು. ತಂಗಿಯ ಹಲ್ಲು ಬಿದ್ದಾಗ ವಾತ ಎಂದರು. ವಾತ ಎಂದರೆ ಗಾಳಿ. ಒಣ ಚರ್ಮ, ತಣ್ಣನೆಯ ಕೈಕಾಲು, ಬೇಗ ಬರುವ ಹೆದರಿಕೆ, ಬಾರದ ನಿದ್ದೆ, ನಿಲ್ಲದ ಮಾತು. ಗಾಳಿಯ ಕೈ ಒಂದು ಕಡೆ ನಿಲ್ಲುವುದಿಲ್ಲ, ಅಲುಗುವ ಬೆರಳಿಗೆ ನಾಡಿ ಸಿಗುವುದಿಲ್ಲ. ಹಾಗಾಗಿ ಅವಳಿಗೆ ಸ್ಟೂಲು ಬರಲಿಲ್ಲ. ಹಿಂದಿನ ಕೋಣೆಯಲ್ಲಿ ಬೇರು ಕುಟ್ಟುವ, ಪುಡಿ ಜರಡಿ ಹಿಡಿಯುವ, ಕಷಾಯ ಕಾಯಿಸುವ ಕೆಲಸ ಬಂತು.

ಅಪ್ಪ ಹೋಗಿ ಎಷ್ಟೋ ಕಾಲವಾಗಿದ್ದರೂ ಏರ್ಪಾಡು ಹಾಗೆಯೇ ನಡೆದುಕೊಂಡು ಬಂದಿತ್ತು. ಮುಂದಿನ ಕೋಣೆಯಲ್ಲಿ ಅಕ್ಕ, ಬೀದಿಗೆಲ್ಲ ವೈದ್ಯಮ್ಮ. ಒಂದು ಮೇಜು, ರೋಗಿ ಕೂರುವ ಕುರ್ಚಿ, ಕಾಯುವವರಿಗೆ ಗೋಡೆಯುದ್ದಕ್ಕೆ ಬೆಂಚು. ಹಿಂದಿನ ಕೋಣೆಯಲ್ಲಿ ತಂಗಿ. ಕಲ್ಲಿನ ಒರಳು, ತಾಮ್ರದ ಪಾತ್ರೆಗಳು, ಎರಡು ಒಲೆಯ ಗ್ಯಾಸು, ತೊಲೆಯಿಂದ ನೇತುಹಾಕಿದ ಒಣಬೇರಿನ ಕಟ್ಟುಗಳು. ಆ ಕೋಣೆಗೆ ಒಂದೇ ಕಿಟಕಿ, ಅದು ಸದಾ ಮುಚ್ಚಿರುತ್ತಿತ್ತು. ಗಾಳಿಯ ಪ್ರಕೃತಿಯವರಿಗೆ ಗಾಳಿ ಆಗಬಾರದು ಎಂದು ಅಪ್ಪ ಹಾಕಿದ ಚಿಲಕವನ್ನು ಅಕ್ಕ ಕಾಪಾಡಿಕೊಂಡು ಬಂದಿದ್ದಳು. ಒಲೆಯ ಸೆಕೆಗೆ ತಂಗಿ ಬೆವೆತು ನೀರಾಗಿ, ಒಂದು ಚೂರು ತೆಗೀತೀನಿ ಕಣೇ ಎಂದು ಕೇಳುವುದು, ಅಕ್ಕ ಮುಂದಿನ ಕೋಣೆಯಿಂದಲೇ ಬೇಡ ಎನ್ನುವುದು, ಇದು ಬೆಂಚಿನ ಮೇಲೆ ಕೂತವರಿಗೆಲ್ಲ ಗೊತ್ತಿದ್ದ ಮಾತುಕತೆ. ತಣ್ಣೀರು ಅವಳಿಗಿಲ್ಲ, ಒಣ ತಿಂಡಿ ಇಲ್ಲ, ಸಂಜೆಯ ತಿರುಗಾಟ ಇಲ್ಲ. ಎಲ್ಲವನ್ನೂ ತಂಗಿ ಬಾಯಿ ತುಂಬ ಗೊಣಗುತ್ತಲೇ ಪಾಲಿಸಿದಳು. ನಡುವೆ ಮದುವೆಯಾಗಿ ಹೋಗಿದ್ದಳು, ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಅದೇ ಒರಳಿನ ಮುಂದೆ ವಾಪಸು ಬಂದಳು.

ಮಾತಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಔಷಧದ ಪೊಟ್ಟಣ ಕೊಡುವ ಕಿಂಡಿಯಲ್ಲಿ ನಿಂತು, ಬಂದವರ ಮನೆ ಮಠ, ಸೊಸೆಯ ಬಾಣಂತನ, ನಾಯಿಯ ಕೆಮ್ಮು ಎಲ್ಲ ವಿಚಾರಿಸುತ್ತಿದ್ದಳು. ಅರ್ಧ ಜನ ವೈದ್ಯಮ್ಮನ ನಾಡಿಗೆ ಬಂದರೆ ಇನ್ನರ್ಧ ಜನ ಗಾಳಿಯಮ್ಮನ ಮಾತಿಗೆ ಬರುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಒಲೆಯಿಂದ ಕಿಂಡಿಗೆ, ಕಿಂಡಿಯಿಂದ ಒರಳಿಗೆ ಓಡುತ್ತಿದ್ದಳು. ಸುಮ್ಮನೆ ಕೂತದ್ದನ್ನು ಕಂಡವರಿಲ್ಲ.

ಅವಳು ಬಡವಾಗತೊಡಗಿದ್ದು ಯಾವಾಗ ಎಂದು ಈಗ ಹೇಳುವುದು ಕಷ್ಟ. ಮೊದಲು ಊಟ ಕಡಿಮೆಯಾಯಿತು, ಹೊಟ್ಟೆ ಉಬ್ಬರ ಎಂದಳು. ಆಮೇಲೆ ನಿದ್ದೆ ಹೋಯಿತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಮೈ ಒಣಗಿತು, ಮಲ ಕಟ್ಟಿತು, ಬೆನ್ನಿನಲ್ಲಿ ಏನೋ ನೋವು ಎಂದು ಒರಳಿನ ಕಟ್ಟೆಗೆ ಒರಗಿ ನಿಲ್ಲುತ್ತಿದ್ದಳು. ಅಕ್ಕನಿಗೆ ಇದೆಲ್ಲ ಕಾಣಲಿಲ್ಲವೆಂದಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ನೋಡುತ್ತಿದ್ದಳು. ಆದರೆ ಕಂಡದ್ದೆಲ್ಲ ಅವಳ ಲೆಕ್ಕಕ್ಕೆ ಸರಿಯಾಗಿ ಕೂರುತ್ತಿತ್ತು. ಹುಟ್ಟಿನಿಂದ ವಾತದವಳು, ಜೊತೆಗೆ ವಯಸ್ಸಾಗುತ್ತಾ ಬಂದ ಹಾಗೆ ಎಲ್ಲರಲ್ಲೂ ವಾತವೇ ಏರುತ್ತದೆ. ಗಾಳಿಗೆ ಗಾಳಿ ಸೇರಿದೆ, ಅಷ್ಟೇ. ಎಳ್ಳೆಣ್ಣೆ ಬಿಸಿ ಮಾಡಿ ಮೈಗೆ ಹಚ್ಚಿದಳು, ಅನ್ನಕ್ಕೆ ತುಪ್ಪ ಹೆಚ್ಚಿಸಿದಳು, ಶುಂಠಿಯ ಕಷಾಯ ಕುಡಿಸಿದಳು. ಒಂದೆರಡು ದಿನ ಹಾಯೆನಿಸುತ್ತಿತ್ತು, ಮತ್ತೆ ಅದೇ ಕತೆ.

ತಮಾಷೆಯೆಂದರೆ, ಪ್ರಕೃತಿ ಬೇರೆ ವಿಕೃತಿ ಬೇರೆ ಎಂದು ಅವಳು ದಿನಾ ಹೇಳುತ್ತಿದ್ದಳು. ಹುಟ್ಟಿನಿಂದ ಬಂದದ್ದು ಪ್ರಕೃತಿ, ಈಗ ಕೆಟ್ಟಿರುವುದು ವಿಕೃತಿ. ನಾನು ಹುಟ್ಟಿದ್ದೇ ಹೀಗೆ ಎಂದು ರೋಗವನ್ನು ಮಡಿಲಲ್ಲಿಟ್ಟುಕೊಂಡು ಸಾಕಬೇಡಿ ಎಂದು ಕುರ್ಚಿಯ ಮೇಲೆ ಕೂತವರನ್ನೆಲ್ಲ ಗದರುತ್ತಿದ್ದಳು. ಇದು ತಮಾಷೆಯಲ್ಲ, ಗೊತ್ತು. ಆದರೂ ನಗು ಬರುವಂಥ ಜಾಗದಲ್ಲೇ ಕೆಲವು ಸಂಕಟಗಳು ಕೂತಿರುತ್ತವೆ.

ತಂಗಿಯ ಮಗಳು ಬೇರೆ ಊರಿನಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಜನರನ್ನು ಗೋಡೆಯ ಮೇಲಿನ ಅಕ್ಷರಗಳ ಎದುರು ಕೂರಿಸಿ, ಈಗ ಕಾಣುತ್ತಾ, ಈಗ ಕಾಣುತ್ತಾ ಎಂದು ಕೇಳುವ ಕೆಲಸ. ರಜೆ ಸಿಗದೆ ತಿಂಗಳುಗಟ್ಟಲೆ ಬಂದಿರಲಿಲ್ಲ. ಫೋನಿನಲ್ಲಿ ತಾಯಿಯ ದನಿ ಎಂದಿನಂತೆ ಕಿಲಕಿಲ ಎನ್ನುತ್ತಿದ್ದುದರಿಂದ ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಬಂದವಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ತಾಯಿಯನ್ನು ನೋಡಿದಳು, ಚೀಲವನ್ನು ಕೆಳಗೆ ಇಡುವುದನ್ನೇ ಮರೆತಳು. ಆಮೇಲೆ ಮುಂದಿನ ಕೋಣೆಗೆ ಬಂದು, ಬೆಂಚಿನ ಮೇಲೆ ಜನ ಇದ್ದಾರೆ ಎಂಬುದನ್ನೂ ನೋಡದೆ ಮಾತಾಡಿದಳು.

"ದೊಡ್ಡಮ್ಮ, ಅಮ್ಮ ಯಾಕೆ ಹಿಂಗಾಗಿದಾಳೆ?"

ವೈದ್ಯಮ್ಮ ತಲೆ ಎತ್ತದೆ, ನಿಮ್ಮಮ್ಮ ಹುಟ್ಟಿದ್ದೇ ಹಾಗೆ, ವಾತ ಸ್ವಲ್ಪ ಹೆಚ್ಚಾಗಿದೆ, ಎಣ್ಣೆ ಹಚ್ಚುತ್ತಿದ್ದೇನೆ ಎಂದಳು.

"ನೀವು ಕೊನೇ ಸಲ ಅವಳ ನಾಡಿ ನೋಡಿದ್ದು ಯಾವಾಗ?"

ಬೀದಿಯ ಪ್ರತಿ ಮಣಿಕಟ್ಟನ್ನೂ ಹಿಡಿದಿದ್ದ ವೈದ್ಯಮ್ಮನ ಮೂರು ಬೆರಳು, ಗೋಡೆಯಾಚೆ ಒರಳು ಕುಟ್ಟುತ್ತಿದ್ದ ಕೈಯನ್ನು ಎಷ್ಟೋ ವರ್ಷಗಳಿಂದ ಹಿಡಿದಿರಲಿಲ್ಲ. ಗೊತ್ತಿರುವುದನ್ನು ನೋಡುವುದೇನು ಎಂದು ಬಿಟ್ಟಿದ್ದಳು. ಮಗಳಿಗೆ ಸಿಟ್ಟು ನೆತ್ತಿಗೇರಿತು. ದಿನಾ ನೋಡುವವರಿಗೆ ಕಾಣುವುದಿಲ್ಲ ದೊಡ್ಡಮ್ಮ, ನನ್ನ ಅಂಗಡಿಗೆ ಬರುವವರೂ ಹಾಗೇ ಹೇಳುತ್ತಾರೆ, ಕಣ್ಣು ಚೆನ್ನಾಗೇ ಇದೆ, ಬೆಳಕೇ ಕಡಿಮೆ ಅಂತ ಎಂದಳು. ಬೆಂಚಿನ ಮೇಲಿದ್ದವರು ನೆಲ ನೋಡಿದರು.

ವೈದ್ಯಮ್ಮ ಎದ್ದು ಹಿಂದಿನ ಕೋಣೆಗೆ ಹೋದಳು. ತಂಗಿ ಜರಡಿ ಕೆಳಗಿಟ್ಟು, ಏನಮ್ಮ ಬಂಡೆ ಇವತ್ತು ಉರುಳಿಕೊಂಡು ಇಲ್ಲಿಗೇ ಬಂತು ಎಂದು ನಕ್ಕಳು. ಅಕ್ಕ ನಗಲಿಲ್ಲ. ಎಡಗೈ ಕೇಳಿದಳು. ಹೆಬ್ಬೆರಳಿನ ಬುಡದಲ್ಲಿ ಮೊದಲು ತೋರುಬೆರಳು, ಅಲ್ಲಿ ವಾತ. ನಡುಬೆರಳಿನ ಕೆಳಗೆ ಪಿತ್ತ. ಉಂಗುರದ ಬೆರಳಿನ ಕೆಳಗೆ ಕಫ. ವಾತದ ನಾಡಿ ಹಾವಿನಂತೆ ಹರಿಯುತ್ತದೆ, ಪಿತ್ತದ್ದು ಕಪ್ಪೆಯಂತೆ ಕುಪ್ಪಳಿಸುತ್ತದೆ, ಕಫದ್ದು ಹಂಸದಂತೆ ತೇಲುತ್ತದೆ ಎಂದು ಅಪ್ಪ ಹೇಳಿಕೊಟ್ಟ ಪಾಠ. ಹಾವು ಸಿಗುತ್ತದೆ ಎಂದು ತೋರುಬೆರಳು ಒತ್ತಿ ಕಾದಳು. ಹಾವೂ ಇರಲಿಲ್ಲ, ಕಪ್ಪೆಯೂ ಇರಲಿಲ್ಲ. ಎಳೆ ಎಳೆಯಾಗಿ, ನಡುನಡುವೆ ನಿಂತು, ಮತ್ತೆ ಹೊರಡಲೋ ಬೇಡವೋ ಎಂದು ಯೋಚಿಸುವಂಥ ಒಂದು ನಾಡಿ ಸಿಕ್ಕಿತು. ಅಂಥ ನಾಡಿ ಸಿಕ್ಕಾಗ ರೋಗಿಯ ಮುಖ ನೋಡಬೇಡ, ಮನೆಯವರನ್ನು ಪಕ್ಕಕ್ಕೆ ಕರೆ ಎಂದು ಅಪ್ಪ ಹೇಳಿದ್ದರು. ಇಲ್ಲಿ ಮನೆಯವರೆಂದರೆ ಅವಳೇ.

ಆಸ್ಪತ್ರೆಗೆ ಹೋದರು. ದೊಡ್ಡ ಆಸ್ಪತ್ರೆ, ಉದ್ದ ಕಾರಿಡಾರು, ಪ್ಲಾಸ್ಟಿಕ್ ಕುರ್ಚಿಗಳು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಅಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಒಳ್ಳೆಯವರು, ಕೂರಿಸಿ ಮಾತಾಡಿದರು. ಹೊಟ್ಟೆಯೊಳಗೆ, ಬೆನ್ನಿನ ಕಡೆಗೆ ಗಡ್ಡೆ ಇದೆ, ಪಿತ್ತಕೋಶದ ದಾರಿಗೂ ಹಬ್ಬಿದೆ, ಕತ್ತರಿಸಿ ತೆಗೆಯುವ ಹಂತ ದಾಟಿದೆ ಎಂದರು. ನೋವಿಗೆ ಔಷಧ ಕೊಡಬಹುದು, ಮನೆಯಲ್ಲಿ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದರು. ಇನ್ನೂ ಮುಂಚೆ ಬಂದಿದ್ದರೆ ಎಂದು ವೈದ್ಯಮ್ಮ ಕೇಳಿದಳು. ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕುತ್ತಾ, ಈ ಕಾಯಿಲೆ ಎಲ್ಲರಿಗೂ ಮೋಸ ಮಾಡುತ್ತದೆ, ಹೇಳುವುದು ಕಷ್ಟ ಎಂದರು. ಇಲ್ಲ ಎನ್ನಲಿಲ್ಲ. ವೈದ್ಯಮ್ಮ ತಾನೂ ಎಷ್ಟೋ ಜನರಿಗೆ ಇದೇ ದನಿಯಲ್ಲಿ ಇದೇ ಮಾತು ಹೇಳಿದ್ದಳು, ಅದರ ಅರ್ಥ ಅವಳಿಗೆ ಗೊತ್ತಿತ್ತು.

ತಂಗಿಯ ಹಾಸಿಗೆಯನ್ನು ಹಿಂದಿನ ಕೋಣೆಯಲ್ಲೇ ಹಾಕಿದರು, ಅವಳೇ ಕೇಳಿದ್ದು. ಒರಳು, ಪಾತ್ರೆ ಕಣ್ಣೆದುರು ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ ಎಂದಳು, ಇದ್ದಾಗ ಬರುತ್ತಿತ್ತೇನೋ ಎಂಬಂತೆ. ಮಗಳು ರಜೆ ಹಾಕಿ ಉಳಿದಳು. ದೊಡ್ಡಮ್ಮನ ಜೊತೆ ಮಾತು ಅಗತ್ಯವಿದ್ದಷ್ಟೇ. ಗಂಜಿ ಆಯ್ತಾ, ಮಾತ್ರೆ ಕೊಟ್ಟಿರಾ. ಮುಂದಿನ ಕೋಣೆಯ ಬಾಗಿಲಿಗೆ ಸದ್ಯಕ್ಕೆ ಇಲ್ಲ ಎಂದು ಬರೆದ ಹಲಗೆ ಬಿತ್ತು.

ಆಸ್ಪತ್ರೆಯ ನೋವಿನ ಔಷಧ ಕೊಟ್ಟ ಒಂದು ಮಧ್ಯಾಹ್ನ ತಂಗಿಗೆ ಗಾಢವಾದ ನಿದ್ದೆ ಬಂತು. ಅಕ್ಕ ಹಾಸಿಗೆಯ ಪಕ್ಕದಲ್ಲಿ ಕೂತು ಅವಳ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ತಂಗಿ ಮಗ್ಗುಲಾದಳು, ಮುಷ್ಟಿ ಕಟ್ಟಿ ಬಲಗೆನ್ನೆಯ ಕೆಳಗೆ ಇಟ್ಟುಕೊಂಡಳು, ಬಾಯಿ ಸ್ವಲ್ಪ ತೆರೆಯಿತು. ಅಕ್ಕನ ಕೈ ನಿಂತುಹೋಯಿತು. ಈ ನಿದ್ದೆಯನ್ನು ಅವಳು ಮುಂಚೆ ನೋಡಿದ್ದಳು. ಅಮ್ಮ ಬದುಕಿದ್ದಾಗ, ಈ ಮಗುವನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವಳು ಅವಳೇ. ಎಂಥ ಮಗು ಅದು! ಗುಂಡುಗುಂಡಗೆ, ಅಳು ಎಂದರೇನೆಂದೇ ಗೊತ್ತಿಲ್ಲದೆ, ಕೂರಿಸಿದ ಕಡೆ ಕೂತಿರುತ್ತಿತ್ತು. ಹಸಿವಾದರೂ ಎಬ್ಬಿಸಿ ಊಟ ಮಾಡಿಸಬೇಕಾಗಿತ್ತು. ಹೊತ್ತು ಹೊತ್ತು ಸೊಂಟ ನೋಯುತ್ತದೆ ಎಂದು ಅವಳು ದೂರಿದರೆ, ಅಮ್ಮ ನಕ್ಕು, ನೀನೂ ಇವಳ ಹಾಗೇ ಇದ್ದೆ, ನನ್ನ ಮಕ್ಕಳೆರಡೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿವೆ ಎನ್ನುತ್ತಿದ್ದಳು.

ಔಷಧದ ನಿದ್ದೆಯಿಂದ ಪ್ರಕೃತಿ ತಿಳಿಯುವುದಿಲ್ಲ, ಅಷ್ಟು ಅವಳಿಗೂ ಗೊತ್ತು. ಆದರೆ ನೆನಪು ಔಷಧದ್ದಲ್ಲವಲ್ಲ. ಅದು ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತಾ ಹೋಯಿತು. ಅಮ್ಮ ಜ್ವರ ಬಂದು ತೀರಿಹೋಗಿದ್ದಳು. ಆಮೇಲೆ ಆ ಮಗು ಊಟ ಬಿಟ್ಟಿತು, ಇಳಿದುಹೋಯಿತು, ರಾತ್ರಿಯೆಲ್ಲ ಎದ್ದು ಕೂರತೊಡಗಿತು, ಕೋಣೆಯಿಂದ ಕೋಣೆಗೆ ಅಮ್ಮನನ್ನು ಹುಡುಕಿಕೊಂಡು ಓಡಾಡತೊಡಗಿತು. ಅದೇ ತಿಂಗಳು ಅದರ ಹಾಲುಹಲ್ಲು ಬಿತ್ತು. ಕಟ್ಟುಪಾಡು ಎಂದರೆ ಕಟ್ಟುಪಾಡು. ಅಪ್ಪ ಮಾರನೆಯ ಬೆಳಿಗ್ಗೆ ಎದುರು ಕೂರಿಸಿ ನಾಡಿ ನೋಡಿದರು. ಹೆಂಡತಿ ಹೋದವರು ತಾಯಿ ಹೋದವಳ ಕೈ ಹಿಡಿದು ಕೂತಿದ್ದರು. ಆಗ ಪಕ್ಕದ ಸ್ಟೂಲಿನ ಮೇಲೆ ಕಲಿಯುತ್ತಿದ್ದ ಹಿರಿಮಗಳಿಗೆ, ನೀನೂ ಬೆರಳಿಟ್ಟು ನೋಡು, ಏನು ಕಾಣುತ್ತೆ ಹೇಳು ಎಂದರು. ಅವಳು ನೋಡಿ, ವಾತ ಎಂದಳು. ಅಪ್ಪ ತಲೆದೂಗಿದರು. ಅಮ್ಮ ಹೋದ ಮೇಲೆ ಅವರ ಮುಖದಲ್ಲಿ ಮೊದಲ ಬಾರಿಗೆ ಒಂದಿಷ್ಟು ಬೆಳಕು ಬಂದದ್ದನ್ನು ಅವಳು ಕಂಡಳು. ಅವಳು ಸರಿಯಾಗಿ ಹಿಡಿದ ಮೊದಲ ನಾಡಿ ಅದು, ಆಮೇಲೆ ಎಷ್ಟೋ ವರ್ಷ ಅದನ್ನು ಹೆಮ್ಮೆಯಿಂದ ನೆನೆಯುತ್ತಿದ್ದಳು.

ನಾಡಿಯಲ್ಲಿ ವಾತ ಇದ್ದದ್ದು ಸುಳ್ಳಲ್ಲ. ಅದು ಪ್ರಕೃತಿಯಾಗಿರಲಿಲ್ಲ, ದುಃಖವಾಗಿತ್ತು. ದುಃಖ, ಹೆದರಿಕೆ, ಹಸಿವು, ನಿದ್ದೆಗೇಡು, ಇವುಗಳಿಂದ ವಾತ ಏಳುತ್ತದೆ ಎಂಬುದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು. ಕಾರಣ ತೆಗೆದರೆ ಅದು ಇಳಿಯುತ್ತದೆ ಎಂಬುದೂ ಅದೇ ಪಾಠ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ವರ್ಷ ಕಾದಿದ್ದರೆ ಅದು ಮತ್ತೆ ಗುಂಡಗಾಗುತ್ತಿತ್ತು. ಅದರ ಬದಲು ಹೆಸರಿಟ್ಟರು, ಕಿಟಕಿ ಮುಚ್ಚಿದರು, ಒರಳಿನ ಮುಂದೆ ಕೂರಿಸಿದರು.

ಹೇಳುವುದೋ ಬೇಡವೋ ಎಂದು ಅಕ್ಕ ಒದ್ದಾಡಿದಳು. ಸಾಯುವವಳಿಗೆ ನಿನ್ನ ಬದುಕೇ ತಪ್ಪು ಹೆಸರಿನಲ್ಲಿ ನಡೆಯಿತು ಎಂದು ಹೇಳಿ ಯಾರಿಗೆ ಏನು ಬಂತು? ಹೇಳದೆ ಅವಳನ್ನು ಗಾಳಿಯಾಗಿಯೇ ಕಳಿಸಿಬಿಡುವುದೂ ಅವಳಿಂದಾಗಲಿಲ್ಲ. ತಂಗಿಗೆ ಎಚ್ಚರವಾಗಿ ನೋವು ಕಡಿಮೆ ಇದ್ದ ಹೊತ್ತು ನೋಡಿ, ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದಳು. ಸೊಂಟದ ಮೇಲಿನ ಮಗು, ಹಾಲುಹಲ್ಲು, ತಾನು ವಾತ ಎಂದದ್ದು, ಒಂದನ್ನೂ ಬಿಡಲಿಲ್ಲ. ಮಗಳು ಒಲೆಯ ಹತ್ತಿರ ಗಂಜಿ ತಿರುವುತ್ತಾ ನಿಂತಿದ್ದವಳು ಸೌಟು ಹಿಡಿದುಕೊಂಡೇ ಕೇಳಿದಳು.

ತಂಗಿ ತೊಲೆಯಿಂದ ನೇತಾಡುವ ಬೇರಿನ ಕಟ್ಟು ನೋಡುತ್ತಾ ಹೇಳಿದಳು.

"ಸಣ್ಣವಳಿದ್ದಾಗ ಒಂದ್ಸಲ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದೆ ಅಕ್ಕ. ಏನೋ ಹಿತವಾಗಿತ್ತು. ಅಪ್ಪ ನೋಡಿ, ಇದೇನು ಇವತ್ತು ಗಾಳಿ ನಿಂತೇ ಹೋಗಿದೆ ಅಂದ್ರು. ರೋಗಿಗಳೆಲ್ಲ ನಕ್ಕರು, ನೀನೂ ನಕ್ಕೆ. ಆಮೇಲೆ ನಂಗೆ ಸುಮ್ನೆ ಕೂರೋಕೆ ನಾಚಿಕೆ ಆಗ್ತಿತ್ತು."

ಅಕ್ಕನಿಗೆ ಆ ದಿನ ನೆನಪಿರಲಿಲ್ಲ. ನಕ್ಕವರಿಗೆ ನೆನಪಿರುವುದಿಲ್ಲ. ಕ್ಷಮಿಸು ಎನ್ನಲು ಬಾಯಿ ತೆರೆದವಳು ಮುಖ ಮುಚ್ಚಿಕೊಂಡು ಅತ್ತಳು. ಬಂಡೆ ಅತ್ತದ್ದನ್ನು ತಂಗಿ ಅಮ್ಮ ಹೋದಾಗಲೂ ನೋಡಿರಲಿಲ್ಲ. ಆಗ ಮನೆಯವರೆಲ್ಲ ಇವಳೊಬ್ಬಳು ಗಟ್ಟಿ ಎಂದು ಅವಳ ಮೇಲೆ ಒರಗಿಕೊಂಡಿದ್ದರು, ಅಳಲು ಬಿಡುವಿರಲಿಲ್ಲ.

ಅಳು ನಿಂತ ಮೇಲೆ ತಂಗಿ ಎರಡು ಕೇಳಿದಳು. ಒಂದು, ಆ ಕಿಟಕಿ ತೆಗಿ. ಇನ್ನೊಂದು, ನಾಡಿ ನೋಡುವುದು ಕಲಿಸು. ಚಿಲಕ ತುಕ್ಕು ಹಿಡಿದು ಕೂತಿತ್ತು. ಮಗಳು ಕುಟ್ಟುವ ಹಾರೆಯಲ್ಲಿ ಬಡಿದು ತೆಗೆದಳು. ಹೊರಗೆ ದೊಡ್ಡ ನೋಟವೇನೂ ಇರಲಿಲ್ಲ, ಪಕ್ಕದ ಮನೆಯ ಗೋಡೆ, ಒಣಹಾಕಿದ ಬಟ್ಟೆ, ಮೇಲೆ ಒಂದು ತುಂಡು ಆಕಾಶ. ಗಾಳಿ ಒಳಗೆ ಬಂದು ಬೇರಿನ ಕಟ್ಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ತಂಗಿ ಕಣ್ಣು ಮುಚ್ಚಿಕೊಂಡು ಅದನ್ನು ಮುಖಕ್ಕೆ ತಗುಲಿಸಿಕೊಂಡಳು.

ಪಾಠ ಅಂದಿನಿಂದಲೇ ಶುರುವಾಯಿತು. ಅಪ್ಪ ಹೇಳಿಕೊಟ್ಟ ಹಾಗೆಯೇ ಅಕ್ಕ ಹೇಳಿಕೊಟ್ಟಳು. ಒತ್ತಬೇಡ, ಸುಮ್ಮನೆ ಇಡು. ಹುಡುಕಬೇಡ, ಬರಲಿ ಬಿಡು. ಮೊದಲು ನಿನ್ನ ಉಸಿರು ನಿಧಾನವಾಗಲಿ, ಆಮೇಲೆ ಅವರದ್ದು ಕೇಳಿಸುತ್ತೆ. ಮಗಳ ಮಣಿಕಟ್ಟು ಕಲಿಕೆಯ ಹಲಗೆಯಾಯಿತು. ಊಟಕ್ಕೆ ಮುಂಚೆ ಹೇಗಿರುತ್ತದೆ, ಊಟವಾದ ಮೇಲೆ ಹೇಗೆ ಭಾರವಾಗುತ್ತದೆ, ಮೆಟ್ಟಿಲು ಹತ್ತಿ ಬಂದರೆ ಹೇಗೆ ಕುಪ್ಪಳಿಸುತ್ತದೆ ಎಂದು ನೋಡಲು ಅವಳನ್ನು ಮೇಲೆ ಕೆಳಗೆ ಓಡಿಸಿದರು. ನಾನು ಮಗಳೋ ಪ್ರಯೋಗದ ಇಲಿಯೋ ಎಂದು ಅವಳು ಗೊಣಗಿದಳು, ಗೊಣಗುತ್ತಾ ದೊಡ್ಡಮ್ಮನ ಕಡೆ ನೋಡಿ ನಕ್ಕಳು. ಅವರಿಬ್ಬರ ನಡುವಿನ ಬಿಗಿ ಅಲ್ಲಿಗೆ ಸಡಿಲವಾಯಿತು.

ಅಕ್ಕ ಗಮನಿಸಿದ್ದು ಒಂದೇ. ಎಲುಬು ಕಾಣುವಷ್ಟು ಸೊರಗಿದ್ದ ತಂಗಿಯ ಕೈ, ಲೋಟ ಎತ್ತುವಾಗ ನಡುಗುತ್ತಿದ್ದ ಕೈ, ಮಣಿಕಟ್ಟಿನ ಮೇಲೆ ಕೂತಾಗ ಅಲುಗುತ್ತಿರಲಿಲ್ಲ. ಬೆರಳುಗಳು ಅಲ್ಲಿ ಹುಟ್ಟಿಕೊಂಡವೇನೋ ಎಂಬಷ್ಟು ನೆಮ್ಮದಿಯಾಗಿ ಇರುತ್ತಿದ್ದವು. ಇದನ್ನು ನೋಡುವಾಗ ಅಕ್ಕನಿಗೆ ಆಗುತ್ತಿದ್ದ ನೋವು ಯಾವ ಎಣ್ಣೆಗೂ ಇಳಿಯುವಂಥದ್ದಲ್ಲ. ಬೆಂಚಿನ ಮೇಲೆ ಕೂತು ಹೋದ ಜನರೆಲ್ಲ ನೆನಪಾದರು. ಈ ಕೈ ಹಿಡಿಯಬೇಕಾಗಿದ್ದ ಕೈಗಳು ಅವು.

ಆಮೇಲೆ ತಂಗಿ ಎದ್ದು ಕೂರುವುದು ನಿಂತಿತು. ಮಾತು ಪಿಸುಮಾತಾಯಿತು, ಕಣ್ಣು ಹಳದಿಯಾಯಿತು. ಒಂದು ಬೆಳಿಗ್ಗೆ, ಕಿಟಕಿಯಿಂದ ಬಿಸಿಲು ಇನ್ನೂ ಒಳಗೆ ಬರುವ ಮೊದಲು, ಅವಳು ಅಕ್ಕನ ಎಡಗೈ ಕೇಳಿದಳು. ಹಸಿದ ಹೊಟ್ಟೆಯಲ್ಲಿದೀಯಾ ಎಂದು ವಿಚಾರಿಸಿದಳು. ಅಕ್ಕ ಹೌದೆಂದಳು, ನಿನ್ನೆಯಿಂದಲೇ ಹಾಗಿದ್ದಳು. ತಂಗಿಯ ಮೂರು ಬೆರಳು ಮಣಿಕಟ್ಟಿನ ಮೇಲೆ ಬಂದು ಕೂತವು, ತಣ್ಣಗೆ, ಹಗುರಾಗಿ. ಅವಳು ಕಣ್ಣು ಮುಚ್ಚಿದಳು. ಅಪ್ಪನ ಮುಖದಲ್ಲಿ ಬರುತ್ತಿದ್ದ ಅದೇ ಮಡಿಕೆ ಅವಳ ಹುಬ್ಬಿನ ನಡುವೆ ಬಂತು. ಎಷ್ಟೋ ವರ್ಷಗಳ ಮೇಲೆ ಅಕ್ಕ ರೋಗಿಯ ಜಾಗದಲ್ಲಿದ್ದಳು.

"ನಿಂಗೆ ನಿದ್ದೆ ಇಲ್ಲ. ಊಟ ಸೇರ್ತಿಲ್ಲ. ಹೆದರಿಕೆ ಇದೆ. ಗಾಳಿ ಎದ್ದಿದೆ ಅಕ್ಕ, ಜೋರಾಗೇ ಎದ್ದಿದೆ," ಎಂದಳು ತಂಗಿ. ಸ್ವಲ್ಪ ಉಸಿರು ತೆಗೆದುಕೊಂಡಳು. "ಆದ್ರೆ ಇದು ನಿನ್ನ ಪ್ರಕೃತಿ ಅಲ್ಲ. ದುಃಖ. ಹೋಗುತ್ತೆ."

ಹಾಲುಹಲ್ಲು ಬಿದ್ದ ಆ ಮಗುವಿಗೆ ಹೇಳಬೇಕಾಗಿದ್ದ ಮಾತು ಅದು. ಹೇಳುವವರು ಪಕ್ಕಪಕ್ಕದಲ್ಲೇ ಇಬ್ಬರು ಕೂತಿದ್ದರೂ ಯಾರೂ ಹೇಳಿರಲಿಲ್ಲ. ಅಕ್ಕ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ತಂಗಿ ಪಥ್ಯವನ್ನೂ ಹೇಳಿದಳು: ತಲೆಗೆ ಬೆಚ್ಚಗಿನ ಎಣ್ಣೆ, ಹೊತ್ತಿಗೆ ಸರಿಯಾಗಿ ಬಿಸಿ ಊಟ, ಒಬ್ಬಳೇ ಕೂರಬಾರದು. ಹೇಳಿ ಮುಗಿಸಿ ಮುಷ್ಟಿಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿದಳು. ಮಾರನೆಯ ದಿನ ಮಧ್ಯಾಹ್ನ, ಕಿಟಕಿ ತೆರೆದೇ ಇದ್ದಾಗ, ಅವಳು ಹೋದಳು. ಅಕ್ಕ ಕೊನೆಯವರೆಗೂ ಅವಳ ಕೈ ಹಿಡಿದಿದ್ದಳು, ನಾಡಿ ನೋಡಲು ಮಾತ್ರ ಬೆರಳಿಡಲಿಲ್ಲ.

ವೈದ್ಯಮ್ಮ ಮುಂದಿನ ಕೋಣೆಯ ಹಲಗೆ ತೆಗೆದದ್ದು ತುಂಬ ತಡವಾಗಿ. ತೆಗೆದ ದಿನ ಬೆಂಚು ತುಂಬಿತು. ಮೊದಲು ಬಂದವನು ಬೀದಿ ಕೊನೆಯ ಹಳೆಯ ಬಡಗಿ, ಮೊಣಕಾಲು ನೋವಿನವನು. ಅವನ ಬಲಗೈ ಹಿಡಿದು ಬೆರಳಿಟ್ಟಳು. ಬೆರಳು ನಡುಗಿದವು. ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟಳು, ಮತ್ತೆ ನಡುಗಿದವು. ಅವನ ನಾಡಿಯ ಬದಲು ತನ್ನ ನಡುಕವೇ ಅವಳಿಗೆ ಸಿಗುತ್ತಿತ್ತು. ಬಡಗಿ ಕೈ ಹಿಂದಕ್ಕೆ ಎಳೆದುಕೊಳ್ಳದೆ, ಕೈಗೆ ಏನಾಯಿತಮ್ಮ, ವಯಸ್ಸಾಯಿತೇ ಎಂದು ಮೆಲ್ಲಗೆ ಕೇಳಿದ. ಇನ್ನು ನಾಡಿ ನೋಡುವುದಿಲ್ಲವೇ ಎಂದೂ ಕೇಳಿದ.

ವೈದ್ಯಮ್ಮ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಹಿಂದಿನ ಕೋಣೆಯಲ್ಲಿ ಬೇರಿನ ಕಟ್ಟುಗಳು ಗಾಳಿಗೆ ಒಂದಕ್ಕೊಂದು ತಾಗುತ್ತಿದ್ದವು.

"ನೋಡ್ತೀನಿ, ಆದ್ರೆ ಈಗಲ್ಲ. ಸ್ವಲ್ಪ ಕಾಲ ಬಿಟ್ಟು ಬನ್ನಿ," ಎಂದಳು. "ಇದು ನನ್ನ ಪ್ರಕೃತಿ ಅಲ್ಲ, ಹೋಗುತ್ತೆ ಅಂತ ನನ್ನ ನೋಡಿದ ವೈದ್ಯರು ಹೇಳಿದಾರೆ."

ನಿಮ್ಮನ್ನು ನೋಡುವ ವೈದ್ಯರು ಯಾರಮ್ಮ ಎಂದು ಅವನು ಕೇಳಿದ. ನನ್ನ ತಂಗಿ ಎಂದಳು ವೈದ್ಯಮ್ಮ.